ಕಳಲೆಯ ತಾಳಿ ಪ್ರಕರಣ

2024ರ ಮೇ 12, ಬೆಳಿಗ್ಗೆ 8.40. ಕಳಲೆಯ ಚನ್ನಾಜಮ್ಮ ಮದುವೆ ಸೀರೆಯಲ್ಲೇ ನಂಜನಗೂಡಿನ ಠಾಣೆಗೆ ಓಡಿಬಂದರು.

“ತಾಳಿ ಕದ್ದವ್ರೆ ಮೇಡಮ್ಮೋರೇ! ಕಿರಿಮಗ ನಟರಾಜಂದು ಇವತ್ತೇ ಧಾರೆ. ಎಲ್ಲಾರೂ ಮುಟ್ಟಿ ಆಸೀರ್ವಾದ ಮಾಡ್ಲಿ ಅಂತ ತಟ್ಟೇಲಿ ಇಟ್ಟಿದ್ದೆ. ಈಗ ಬರೀ ದಾರ ಐತೆ!”

ಸಬ್ ಇನ್‌ಸ್ಪೆಕ್ಟರ್ ಕೋಮಲ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೆಬಲ್ ಬೆಟ್ಟಯ್ಯನವರೊಡನೆ ಹೊರಟರು. ಅಷ್ಟರಲ್ಲಿ ಮದುವೆಮನೆಯವರು ಅರಿಶಿನದ ಕೊಂಬು ಕಟ್ಟಿಸಿ ಧಾರೆ ಮುಗಿಸಿದ್ದರು. ಪಂಚನಾಮೆಗೆ ಕುಳಿತಾಗ ಕೋಮಲರಿಗೆ ಆಶ್ಚರ್ಯವಾಯಿತು. ತಟ್ಟೆಯಲ್ಲಿದ್ದ ಉಂಗುರ, ಓಲೆ ಹಾಗೇ ಇದ್ದವು. ತಾಳಿಯನ್ನಷ್ಟೇ ಬೆಣ್ಣೆಯಿಂದ ಕೂದಲು ತೆಗೆದಂತೆ ತೆಗೆದಿದ್ದರು. ಅಬ್ಬಾ, ಕಳ್ಳರಿಗೂ ಇಷ್ಟು ನೇಮವೇ!

ತಟ್ಟೆ ಮುಟ್ಟಿದವರ ಪಟ್ಟಿಯಲ್ಲಿ ನಲವತ್ತೊಂದು ಹೆಸರುಗಳಿದ್ದವು.

“ತಟ್ಟೆ ಎಲ್ಲೂ ಕೆಳಗಿಡಲಿಲ್ವಾ?” ಕೋಮಲ ಕೇಳಿದರು.

“ಇಂದ್ಗಡೆ ರೂಮಲ್ಲಿ ಒಂದ್ಗಳಿಗೆ ಇಟ್ಟಿದ್ದೆ. ಅಲ್ಲಿ ಯಾರೂ ಇರ್ಲಿಲ್ಲ.”

“ಯಾರೂ?”

“ದೊಡ್ಡ ಸೊಸೆ ರಮ್ಯ ಇದ್ಲು, ಅಷ್ಟೇಯ. ಗಂಡನ್ನ ಕಳ್ಕಂಡೋಳು, ಅವ್ಳು ತಟ್ಟೆ ಮುಟ್ಟಂಗಿಲ್ಲವಲ್ಲ.”

ಮುಟ್ಟಬಾರದವಳು ಮುಟ್ಟಿಯಾಳೆಂದು ಆ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಮಧ್ಯಾಹ್ನ 2.15ಕ್ಕೆ ಕೋಮಲ ಆ ತಾಳಿ ಮಾಡಿಕೊಟ್ಟಿದ್ದ ಪೇಟೆಯ ಅಕ್ಕಸಾಲಿಗ ಸೋಮಶೇಖರ್ ಅವರನ್ನು ವಿಚಾರಿಸಿದರು.

“ಹೊಸ ಚಿನ್ನಾನಾ?”

“ಅಲ್ಲ ಮೇಡಂ. ದೊಡ್ಡ ಸೊಸೆ ತಾಳಿ ಕರಗಿಸಿ ಮಾಡಿದ್ದು. ಕರಗಿದ್ಮೇಲೆ ದೋಷ ಇರಲ್ಲ ಅಂದ್ರು ಚನ್ನಾಜಮ್ಮ.”

ದೊಡ್ಡ ಮಗ ಶಿವರಾಜು ಎರಡು ವರ್ಷದ ಹಿಂದೆ ತಿ.ನರಸೀಪುರದ ಸಂಗಮದಲ್ಲಿ ತೆಪ್ಪ ಮಗುಚಿ ಕಾಣೆಯಾಗಿದ್ದ. ವರ್ಷ ಕಾದು, ಹಿರಿಯರು ತಿಥಿ ಮಾಡಿ ರಮ್ಯಳ ತಾಳಿ ತೆಗೆಸಿದ್ದರು. ಕೋಮಲ ಅಲ್ಲಿನ ಠಾಣೆಗೆ ಫೋನ್ ಮಾಡಿದರು. ‘ಪತ್ತೆಯಾಗಿಲ್ಲ’ ಎಂಬ ಉತ್ತರ ಬಂತು.

ಸಂಜೆ 4.30. ರಮ್ಯ ಅದೇ ಹಿಂದಿನ ಕೋಣೆಯಲ್ಲಿ ಕುಳಿತಿದ್ದಳು. ಕೇಳುವ ಮೊದಲೇ ಸೆರಗು ಸರಿಸಿದಳು. ಕಪ್ಪು ದಾರದಲ್ಲಿ ತಾಳಿ ಇತ್ತು.

“ಕರಗ್ಸುದ್ರೂ ನಂದೇ ಅಲ್ವಾ ಮೇಡಂ? ಅವ್ರು ಬಂದಾಗ ಬರೀ ಕತ್ತಿನಲ್ಲಿ ಎಂಗೆ ನಿಂತ್ಕಳ್ಳಿ?”

ಕೋಮಲ ಮನೆಯವರನ್ನು ಹೊರಗೆ ಕರೆದು ರಾಜಿಗೆ ಕೇಳಿಕೊಂಡರು. “ನನ್ ಮಗನ ಮದ್ವೆಗೆ ಅಪಶಕುನ ಮಾಡವ್ಳೆ, ಬಿಡಾಕಿಲ್ಲ,” ಎಂದರು ಚನ್ನಾಜಮ್ಮ. ಸೂರ್ಯ ಮುಳುಗುವ ಮುನ್ನ ಬಂಧನವಾಯಿತು.

ಕಳುವಾದ ಮಾಲನ್ನು ಆರೋಪಿಯ ಮೈಮೇಲೆ ಬಿಡುವಂತಿಲ್ಲ. ಠಾಣೆಯಲ್ಲಿ ಕೋಮಲ ಕೈ ಚಾಚಿದರು.

“ಅವ್ರ ಎಣ ಸಿಕ್ತಾ ಮೇಡಂ?”

“ಇಲ್ಲಮ್ಮ.”

“ಅಂಗಾರೆ ಇದ್ನ ಯಾಕೆ ತೆಗೀತೀರಿ?”

ಕೋಮಲ ಚಾಚಿದ ಕೈಯನ್ನು ಹಿಂದೆಗೆಯಲಿಲ್ಲ. ಬೆಟ್ಟಯ್ಯ ಜಪ್ತಿ ಪಟ್ಟಿಯಲ್ಲಿ ‘ಚಿನ್ನದ ತಾಳಿ, ಒಂದು’ ಎಂದು ಬರೆದು, ವಾರಸುದಾರರ ಜಾಗದಲ್ಲಿ ಚನ್ನಾಜಮ್ಮನ ಹೆಸರು ಹಾಕಿದರು.

ಹೋದ ಸಲ ತಾಳಿ ತೆಗೆಯಲು ಆರು ಜನ ಅವಳನ್ನು ಹಿಡಿದುಕೊಂಡಿದ್ದರಂತೆ. ಈ ಸಲ ಯಾರೂ ಹಿಡಿಯಬೇಕಾಗಲಿಲ್ಲ. ರಮ್ಯ ತಾನೇ ಕತ್ತು ಬಗ್ಗಿಸಿದಳು.