ಮೂವತ್ತೊಂದನೇ ಸಾಲು

"ಆರು," ಎಂದ ದಫೇದಾರ.

"ಇನ್ನೊಂದು ಸಲ ಎಣಿಸು," ಎಂದರು ಇನ್ಸ್‌ಪೆಕ್ಟರ್.

ತುರ್ತು ಚಿಕಿತ್ಸಾ ಕೋಣೆಯ ನೆಲಕ್ಕೆ ಹಳೆಯ ಪೇಪರ್ ಹಾಸಿ, ಕಸದ ಡಬ್ಬಿಯನ್ನೂ ಸ್ಟೀಲ್ ಟ್ರೇಯನ್ನೂ ಅದರ ಮೇಲೆ ಸುರಿದಿದ್ದರು. ಕತ್ತು ಮುರಿದ ಔಷಧದ ಸೀಸೆಗಳನ್ನು ದಫೇದಾರ ಮತ್ತೆ ಸಾಲಿಗಿಟ್ಟ. ಆರೇ. ರಿಜಿಸ್ಟರಿನಲ್ಲಿ ಏಳು. ಸಮಯ ಮಧ್ಯಾಹ್ನ 12.40.

ಬೆಳಿಗ್ಗೆ 9.20ಕ್ಕೆ ದೂರು ಕೊಡಲು ಠಾಣೆಗೆ ಬಂದ ಹೆಂಗಸಿನ ಕೈಯಲ್ಲಿ ಗಂಡಸಿನ ಚಪ್ಪಲಿ ಇತ್ತು. "ನಮ್ಮನೆಯವರು ಉಬ್ಬಸ ಅಂತ ಆಸ್ಪತ್ರೆಗೆ ನಡ್ಕೊಂಡೇ ಬಂದ್ರು ಸರ್. ಚಪ್ಪಲಿ ಜೋಪಾನ ಅಂದ್ರು. ಇಂಜೆಕ್ಷನ್ ಕೊಟ್ಟು ಎರಡು ನಿಮಿಷ ಆಗಿರ್ಲಿಲ್ಲ, ಹೋಗ್ಬಿಟ್ರು." 9.45ಕ್ಕೆ ಎಫ್‌ಐಆರ್ ಆಯಿತು. 11ಕ್ಕೆ ಪಂಚನಾಮೆ ಶುರು. ಪಂಚನಾಗಿ ಕರೆತಂದ ಜೆರಾಕ್ಸ್ ಅಂಗಡಿಯವನು, "ಸಾಕ್ಷಿಗೆ ಬಂದೋರಿಗೆ ಸೂಜಿ ಚುಚ್ಚಲ್ಲ ತಾನೆ?" ಎಂದು ನಗಲು ನೋಡಿದ.

ಆ ಕೋಣೆಗೊಂದು ನಿಯಮವಿತ್ತು. ಔಷಧ ಕೊಡುವವರು ಸೀಸೆಯ ಮೇಲಿನ ಹೆಸರನ್ನು ಗಟ್ಟಿಯಾಗಿ ಓದಬೇಕು. ಇನ್ನೊಬ್ಬರು ಕಣ್ಣಾರೆ ನೋಡಿ ತಿರುಗಿ ಓದಬೇಕು. ಖಾಲಿ ಸೀಸೆ ಪಾಳಿ ಮುಗಿಯುವ ತನಕ ಟ್ರೇಯಲ್ಲೇ ಇರಬೇಕು. ಕೊಟ್ಟ ಔಷಧಗಳನ್ನು ಬರೆದು, ಹೀಗೆ ಮಾಡಿದೆವೆಂದು ರಿಜಿಸ್ಟರಿನಲ್ಲಿ ದಿನಕ್ಕೊಂದು ಸಾಲು, ಸಾಲಿಗೆ ಎರಡು ಸಹಿ.

ಸತ್ತವನಿಗೆ ಕೊಟ್ಟದ್ದು ಉಬ್ಬಸದ ಔಷಧವೆಂದು ಇವತ್ತಿನ ಸಾಲು ಹೇಳುತ್ತಿತ್ತು. ಆದರೆ ಔಷಧದ ಪೆಟ್ಟಿಗೆಯಲ್ಲಿ ಉಬ್ಬಸದ ಸೀಸೆ ಒಂದೂ ಕಡಿಮೆಯಾಗಿರಲಿಲ್ಲ. ಪಕ್ಕದ ಖಾನೆಯ ಪೊಟ್ಯಾಸಿಯಂ ಒಂದು ಕಡಿಮೆಯಿತ್ತು. ಎರಡೂ ಒಂದೇ ಗಾತ್ರದ ಸೀಸೆ. ಎರಡನೆಯದನ್ನು ನೇರ ನರಕ್ಕೆ ಕೊಟ್ಟರೆ ಎದೆಬಡಿತ ನಿಲ್ಲುತ್ತದೆ.

"ಸೀಸೆ ಓದಿದ್ರಾ?" ಇಂಜೆಕ್ಷನ್ ಕೊಟ್ಟ ದೊಡ್ಡ ಡಾಕ್ಟರನ್ನು ಇನ್ಸ್‌ಪೆಕ್ಟರ್ ಕೇಳಿದರು.

"ಓದೋಕೆ ಸಿಸ್ಟರ್ ಇದ್ದಾರೆ."

ಗೋಡೆಗೆ ಒತ್ತಿ ನಿಂತಿದ್ದ ಹಿರಿಯ ನರ್ಸ್ ಕಡೆ ತಿರುಗಿದರು. "ನೀವು?"

"ಓದಿದೆ ಸರ್. ದಿನಾ ಓದ್ತೀವಿ. ಸಹಿ ಇದೆ ನೋಡಿ."

ಹೋದ ತಿಂಗಳ ಪುಟವನ್ನು ದಫೇದಾರ ಹನ್ನೊಂದೂವರೆಗೇ ನೋಡಿದ್ದ. ನೋಡಿ ಬಾಯಿಗೆ ಬೀಗ ಹಾಕಿಕೊಂಡಿದ್ದ. ಎರಡು ತಿಂಗಳ ಹಿಂದೆ ಪಂಚನಾಮೆಯೊಂದರಲ್ಲಿ ಸಮಯ ತಪ್ಪಾಗಿದೆ ಎಂದು ಎಲ್ಲರೆದುರು ಹೇಳಿದ್ದಕ್ಕೆ ಇದೇ ಇನ್ಸ್‌ಪೆಕ್ಟರ್, "ಮೇಷ್ಟ್ರೇ, ಬಿಸಿಲಲ್ಲಿ ನಿಂತು ಪಾಠ ಮಾಡಿ" ಎಂದು ಹದಿನೈದು ದಿನ ಟ್ರಾಫಿಕ್ ಡ್ಯೂಟಿಗೆ ವೃತ್ತದಲ್ಲಿ ನಿಲ್ಲಿಸಿದ್ದರು. ಆ ಅಡ್ಡಹೆಸರು ಇನ್ನೂ ಠಾಣೆಯಲ್ಲಿ ಓಡಾಡುತ್ತಿತ್ತು.

ಇನ್ಸ್‌ಪೆಕ್ಟರ್ ರಿಜಿಸ್ಟರ್ ಮುಚ್ಚಿದರು. ಈಗ ಹೇಳದಿದ್ದರೆ ಆ ಹೆಂಗಸು ಚಪ್ಪಲಿ ಹಿಡಿದುಕೊಂಡೇ ಮನೆಗೆ ಹೋಗುತ್ತಾಳೆ.

"ಸರ್," ಎಂದ.

"ಏನು?"

"ಹೋದ ತಿಂಗಳಿಗೆ ಮೂವತ್ತೇ ದಿನ. ಮೂವತ್ತೊಂದನೇ ಸಾಲಿಗೂ ಇಬ್ಬರ ಸಹಿ ಬಿದ್ದಿದೆ."

ಇನ್ಸ್‌ಪೆಕ್ಟರ್ ಪುಟ ತಿರುವಿ ನೋಡಿದರು. ಆಮೇಲೆ ಅವನನ್ನು ನೋಡಿದರು. "ಯಾವಾಗ ಕಂಡಿದ್ದು?"

"ಹನ್ನೊಂದೂವರೆಗೆ."

"ಈಗ ಒಂದು ಗಂಟೆ."

"ಹೌದು ಸರ್."

ಯಾಕೆ ತಡ ಎಂದು ಇನ್ಸ್‌ಪೆಕ್ಟರ್ ಕೇಳಲಿಲ್ಲ. ಕೇಳದ್ದೇ ದಫೇದಾರನನ್ನು ಇನ್ನಷ್ಟು ಹೆದರಿಸಿತು.

ನರ್ಸಿನ ಕೈ ಸುಮ್ಮನೆ ತನ್ನ ಚೀಲದ ಕಡೆ ಸರಿಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಮಹಿಳಾ ಪೇದೆ ಚೀಲ ಬಿಚ್ಚಿದಳು. ಊಟದ ಡಬ್ಬಿಯ ಮೇಲಿನ ಖಾನೆಯಲ್ಲಿ ಹತ್ತಿ, ಹತ್ತಿಯೊಳಗೆ ಏಳನೇ ಸೀಸೆ. ಪೊಟ್ಯಾಸಿಯಂ. ಸಮಯ 1.10.

"ಯಾಕೆ ಬಿಸಾಡ್ಲಿಲ್ಲ?"

"ಕೈ ಬರ್ಲಿಲ್ಲ."

ಅವಳು ನೆಲ ನೋಡುತ್ತಲೇ ಹೇಳಿದಳು. ಮೂರು ತಿಂಗಳ ಹಿಂದೆ ರೋಗಿಯೆದುರೇ, "ಸರ್, ಪ್ರಮಾಣ ಜಾಸ್ತಿಯಾಯ್ತು" ಎಂದಿದ್ದಳು. ಡಾಕ್ಟರು ಟ್ರೇಯನ್ನು ಗೋಡೆಗೆ ಎಸೆದು, ಎರಡು ವಾರ ಅವಳನ್ನು ಉಗ್ರಾಣಕ್ಕೆ ಹಾಕಿದ್ದರು. ಅಲ್ಲಿಂದೀಚೆಗೆ ಆ ಕೋಣೆಯಲ್ಲಿ ಯಾರೂ ಗಟ್ಟಿಯಾಗಿ ಓದಿಲ್ಲ. ತಿಂಗಳ ಕೊನೆಗೆ ಒಟ್ಟಿಗೆ ಸಹಿ ಎಳೆಯುತ್ತಿದ್ದರು. ಇವತ್ತಿನ ಸಹಿ ಮಾತ್ರ ಸಾವಾದ ಮೇಲೆ ಹಾಕಿದ್ದು.

"ಇವತ್ತು ಅವರು ಸೀಸೆ ಒಡೆಯುವಾಗಲೇ ಹೆಸರು ಕಾಣಿಸ್ತು. ಬಾಯಿ ತೆರೆದೆ."

"ಸುಮ್ನಿರು ಅಂದ್ರಾ?"

"ಇಲ್ಲ. ತಿರುಗಿ ಕೂಡ ನೋಡ್ಲಿಲ್ಲ."

2.30ಕ್ಕೆ ಡಾಕ್ಟರನ್ನೂ ನರ್ಸನ್ನೂ ದಸ್ತಗಿರಿ ಮಾಡಲಾಯಿತು. ಡಾಕ್ಟರ ಮೇಲೆ ನಿರ್ಲಕ್ಷ್ಯದ ಸಾವು, ಅವಳ ಮೇಲೆ ಸಾಕ್ಷ್ಯ ಮುಚ್ಚಿಟ್ಟದ್ದು. ಠಾಣೆಯಲ್ಲಿ ಇನ್ಸ್‌ಪೆಕ್ಟರ್ ದಫೇದಾರನಿಗೆ ಕುರ್ಚಿ ತೋರಿಸಿ, "ಕೂತ್ಕೊಂಡು ಬರಿ. ನಾನು ತಪ್ಪಿದ್ರೆ ಅಲ್ಲೇ ಹೇಳು" ಎಂದರು. ಆಮೇಲೆ ನರ್ಸಿನತ್ತ ಬಾಗಿದರು. ಅಷ್ಟು ಮೆತ್ತಗಿನ ದನಿಯನ್ನು ದಫೇದಾರ ಕೇಳಿರಲಿಲ್ಲ.

"ನೋಡಮ್ಮ, ಡಾಕ್ಟರು ಹೆದರಿಸಿ ಬಾಯಿ ಮುಚ್ಚಿಸಿದ್ರು ಅಂತ ಹೇಳಿಕೆ ಕೊಡಿ. ನಿಮ್ಮನ್ನ ಸಾಕ್ಷಿ ಮಾಡ್ಕೋತೀನಿ. ಸಂಜೆಗೆ ಮಕ್ಕಳ ಹತ್ರ ಹೋಗ್ಬಹುದು."

ದಫೇದಾರನ ಪೆನ್ನು ಕಾಗದದ ಮೇಲೆ ನಿಂತಿತ್ತು. ಬಾಗಿಲಾಚೆಯ ಬೆಂಚಿನ ಮೇಲೆ ಚಪ್ಪಲಿಯ ಜೋಡಿಯನ್ನು ತೊಡೆಯ ಮೇಲಿಟ್ಟುಕೊಂಡು ಆ ಹೆಂಗಸು ಕೂತಿದ್ದಳು. ನರ್ಸ್ ಅವಳನ್ನೇ ನೋಡಿದಳು.

"ಬೇಡ," ಎಂದಳು. "ಇವತ್ತು ಅವರು ಮುಚ್ಚಿಸ್ಲಿಲ್ಲ. ನಾನೇ ಮುಚ್ಕೊಂಡೆ. ಹಾಗೇ ಬರೀರಿ."