ವಯರು ಸಿಕ್ಕಿಸುವವನು

ಅಂಗಡಿಯ ಹಳೆಯ ಬೋರ್ಡು ಇಳಿಸಿದ ದಿನ ಅವನ ಎದೆಯಲ್ಲಿ ಹತ್ತಿದ ಉರಿ ಆರು ತಿಂಗಳಾದರೂ ತಣ್ಣಗಾಗಿರಲಿಲ್ಲ. ಇಪ್ಪತ್ತೆರಡು ವರ್ಷ 'ಸಹೋದರರು, ಟಿ.ವಿ. ರಿಪೇರಿ' ಎಂದಿದ್ದ ಜಾಗದಲ್ಲಿ ಅಣ್ಣ 'ತಂದೆ ಮತ್ತು ಮಗ' ಎಂದು ಬರೆಸಿದ್ದ. ಬೆಸುಗೆಯ ಹೊಗೆಗೆ ಕಣ್ಣು ಕೊಟ್ಟವನು ತಮ್ಮ. ಬಡಾವಣೆಗೆ ಕೇಬಲ್ ಬಂದಾಗ ಏಣಿ ಹತ್ತಿ ಕಂಬದಿಂದ ಕಂಬಕ್ಕೆ ಎಳೆದವನು, ಅಂಗಡಿಯ ಹಿಂಗೋಡೆ ಕೊರೆದು ಕೇಬಲಿನವರ ಡಬ್ಬಿ ಕೂರಿಸಿದವನು, ಎಲ್ಲ ತಮ್ಮನೇ. ಬೋರ್ಡಿನ ಮಾತು ಎತ್ತಿದ್ದಕ್ಕೆ ಅಣ್ಣ ಗಿರಾಕಿಗಳ ಎದುರೇ ನಕ್ಕಿದ್ದ.

"ವಯರು ಸಿಕ್ಕಿಸೋದು ಬಿಟ್ರೆ ನಿಂಗೇನೋ ಬರತ್ತೆ? ಬೋರ್ಡಲ್ಲಿ ಹೆಸರು ಬೇರೆ ಕೇಡು!"

ಗಿರಾಕಿಗಳೂ ನಕ್ಕರು. ಆ ನಗು ಊಟಕ್ಕೆ ಕೂತರೆ ಕೇಳುತ್ತಿತ್ತು, ಮಲಗಿದರೆ ಕೇಳುತ್ತಿತ್ತು. ವಯರು ತಾನೇ? ಹಾಗಾದರೆ ವಯರಿನಿಂದಲೇ ಆಗಲಿ ಎಂದು ಹಲ್ಲು ಕಚ್ಚಿದ.

ಫುಟ್‌ಬಾಲ್ ಫೈನಲ್ಲಿನ ಭಾನುವಾರವನ್ನು ಆರಿಸಿಕೊಂಡ. ಅಂದು ಅಂಗಡಿಗೆ ಬೀಗ. ಅಣ್ಣನ ಸಂಸಾರ ನೆಂಟರ ಮನೆಯಲ್ಲಿ. ಆಟ ಬಿಟ್ಟು ಬೀದಿಗೆ ಒಂದು ನರಪಿಳ್ಳೆಯೂ ಬರುವುದಿಲ್ಲ. ಅಂಗಡಿ ಸುಟ್ಟರೆ ಮೊದಲ ಬೆರಳು ತನ್ನ ಕಡೆಗೇ ತಿರುಗುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಅದಕ್ಕೆ ಸಾಕ್ಷಿಯನ್ನು ಮನೆಯಲ್ಲೇ ಇಟ್ಟುಕೊಂಡಿದ್ದ, ಸೋದರಮಾವ. ಸುಳ್ಳು ಹೇಳಲು ಬಾರದ ಜೀವವೆಂದು ಊರೇ ಬಲ್ಲದು. ಆಟವೆಂದರೆ ಪ್ರಾಣ. ಆದರೆ ಮಧ್ಯಾಹ್ನ ಉಂಡು ಮಲಗಿದರೆ ಎಬ್ಬಿಸುವ ತನಕ ಏಳುವವರಲ್ಲ. ಕೈಗಡಿಯಾರವಿಲ್ಲ, ಗೋಡೆ ಗಡಿಯಾರ ಹೇಳಿದ್ದೇ ಹೊತ್ತು.

ಶನಿವಾರವೇ ಜೋಡಣೆ ಮುಗಿಸಿದ. ಗೋಡೆಯ ಕೇಬಲು ಟಿ.ವಿ. ಪಕ್ಕದ ಬಾಕ್ಸಿಗೆ, ಬಾಕ್ಸಿನಿಂದ ವಿಡಿಯೋ ರೆಕಾರ್ಡರಿಗೆ, ರೆಕಾರ್ಡರಿನಿಂದ ಟಿ.ವಿ.ಗೆ. ಅರ್ಧ ಊರು ಬಾಕ್ಸನ್ನು ನೇರ ಟಿ.ವಿ.ಗೇ ಚುಚ್ಚಿ, ಮಾರನೆಯ ದಿನ ಖಾಲಿ ಕ್ಯಾಸೆಟ್ ಹಿಡಿದು ಅಂಗಡಿಗೆ ಜಗಳಕ್ಕೆ ಬರುತ್ತಿತ್ತು. ಇವನು ಅಂಥವನೇ? ಒಂದೊಂದು ಪಿನ್ನನ್ನೂ ತಿರುವಿ ಬಿಗಿ ಮಾಡಿದ. ಹತ್ತು ನಿಮಿಷ ರೆಕಾರ್ಡು ಮಾಡಿ ನೋಡಿದ. ಚಿತ್ರ ಕನ್ನಡಿಯ ಹಾಗೆ ಬಂತು.

ಭಾನುವಾರ ಮೂರಕ್ಕೆ ಆಟ ಶುರು. ಮಾವ ಗೊರಕೆ ಹೊಡೆಯುತ್ತಿದ್ದರು. ರೆಕಾರ್ಡರಿನ ಕೆಂಪು ಗುಂಡಿ ಒತ್ತಿ ಟಿ.ವಿ. ಆರಿಸಿದ. ಟಿ.ವಿ. ಆರಿದರೂ ರೆಕಾರ್ಡರು ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿರುತ್ತದೆ. ಹಿಂಬಾಗಿಲಿಂದ ಹೊರಟವನು ಕಾಲುಗಂಟೆಯಲ್ಲಿ ಅಂಗಡಿಯ ಹಿಂದಿದ್ದ. ಹಳೆಯ ಬೀಗದಕೈ ಇನ್ನೂ ಅವನ ಬಳಿಯೇ ಇತ್ತು. ಒಳಗೆ ಥಿನ್ನರ್ ಡಬ್ಬಿ ಎತ್ತಿಕೊಂಡಾಗ ಹಳೆಯ ಬೋರ್ಡು ಕಣ್ಣಿಗೆ ಬಿತ್ತು. ಅಲುಗುವ ಮೇಜಿನ ಕಾಲಿಗೆ ಒತ್ತು ಕೊಡಲು ಅದನ್ನು ಕತ್ತರಿಸಿದ್ದರು. 'ಸಹೋ' ಎಂಬಷ್ಟು ಉಳಿದಿತ್ತು. ಥಿನ್ನರನ್ನು ಮೊದಲು ಅದರ ಮೇಲೇ ಸುರಿದು ಕಡ್ಡಿ ಗೀರಿದ.

ಮನೆಗೆ ಬಂದು ಸೋಪು ಹಚ್ಚಿ ಕೈ ತೊಳೆದ, ಅಂಗಿ ಬದಲಾಯಿಸಿದ. ಕ್ಯಾಸೆಟ್ ಹಿಂದಕ್ಕೆ ಸುತ್ತಿದ. ನಾಲ್ಕರ ಹತ್ತಿರವಿದ್ದ ಗಡಿಯಾರದ ಮುಳ್ಳನ್ನು ಮೂರಕ್ಕೆ ತಂದ. ಕ್ಯಾಸೆಟ್ ಹಾಕಿ ಮಾವನನ್ನು ಅಲುಗಿಸಿದ.

"ಏಳಿ ಮಾವ, ಮ್ಯಾಚು ಶುರು."

"ಅಯ್ಯೋ, ಎಷ್ಟಾಯ್ತೋ?"

"ಈಗ ಮೂರು. ಗಡಿಯಾರ ನೋಡಿ."

"ಬದುಕಿಸ್ದೆ ಕಣೋ ಅಳಿಯಾ. ಸೌಂಡ್ ಜಾಸ್ತಿ ಮಾಡು, ನನ್ ಕಿವಿ ನಿಂಗೊತ್ತಲ್ಲ."

ಅವನು ಧಾರಾಳವಾಗಿಯೇ ಜಾಸ್ತಿ ಮಾಡಿದ. ಕೇಳಲಿ, ಬೀದಿಗೆಲ್ಲ ಕೇಳಲಿ. ಕಾಲು ಚಾಚಿ ಕೂತ. ಆರು ತಿಂಗಳಲ್ಲಿ ಮೊದಲ ಸಲ ಆ ನಗು ಕಿವಿಯಿಂದ ಹೋಗಿತ್ತು.

ಇಪ್ಪತ್ತು ನಿಮಿಷದ ಮೇಲೆ ಕಳೆದಿರಬೇಕು, ಬಾಗಿಲು ಬಡಿದ ಸದ್ದು. ಪಕ್ಕದ ಮನೆಯ ಪೊಲೀಸ್ ಪೇದೆ, ಬನಿಯನ್ನಿನಲ್ಲಿ. ಅವನ ಬೆನ್ನಿಗೆ ಏಳೆಂಟು ಜನ.

"ಏನ್ರೀ ಅನ್ಯಾಯ! ಮೂರೂ ಇಪ್ಪತ್ತೈದಕ್ಕೆ ಇಡೀ ಬಡಾವಣೇದು ಕೇಬಲ್ ಹೋಗಿದೆ. ನಿಮ್ಮನೇಲಿ ಮಾತ್ರ ಹೇಗ್ರೀ ಬರ್ತಿದೆ?"

ಮಾವ ಕಣ್ಣು ಕೀಳದೆ ಕೈ ಬೀಸಿದರು. "ಏ, ಮೂರೂ ಇಪ್ಪತ್ತೈದು ಇನ್ನೂ ಎಲ್ಲಿ ಆಗಿದೆಯೋ? ಗೋಡೆ ನೋಡು, ಈಗಿನ್ನೂ ಇಪ್ಪತ್ನಾಲ್ಕು. ಕೂತ್ಕೊಳ್ರೋ, ಅಡ್ಡ ನಿಲ್ಬೇಡಿ."

ಪೇದೆ ಗೋಡೆ ನೋಡಿದ. ತನ್ನ ಕೈಗಡಿಯಾರ ನೋಡಿಕೊಂಡ. ಕೂರಲಿಲ್ಲ. ಟಿ.ವಿ.ಯಲ್ಲಿ ಆಟಗಾರನೊಬ್ಬ ಮೂಲೆಯಲ್ಲಿ ಚೆಂಡು ಇಟ್ಟು ಎರಡು ಹೆಜ್ಜೆ ಹಿಂದೆ ಸರಿದ. ಅಷ್ಟೇ, ಚಿತ್ರ ಹೋಗಿ ಪರದೆಯ ತುಂಬ ಬಿಳಿ ಚುಕ್ಕೆ ಕುಣಿಯತೊಡಗಿತು.

"ನಮ್ಮನೇಲೂ ಇಲ್ಲಿಗೇ ನಿಂತಿದ್ದು," ಎಂದ ಪೇದೆ ಮೆಲ್ಲಗೆ. "ಚೆಂಡು ಮೂಲೇಲಿ ಇಟ್ಟ, ಹೋಯ್ತು."

ತಮ್ಮ ಎದ್ದು ಟಿ.ವಿ.ಯ ಹಿಂದೆ ಬಗ್ಗಿದ. ಒಂದು ಪಿನ್ನೂ ಸಡಿಲವಾಗಿರಲಿಲ್ಲ, ಅವನ ಕೆಲಸದಲ್ಲಿ ತಪ್ಪು ಇರಲಿಲ್ಲ. ಬೆರಳು ರೆಕಾರ್ಡರಿನಿಂದ ಬಾಕ್ಸಿಗೆ, ಬಾಕ್ಸಿನಿಂದ ಗೋಡೆಗೆ ಹೋಯಿತು. ಅಲ್ಲಿಂದ ಮುಂದಕ್ಕೆ ಮನಸ್ಸು ತಾನಾಗಿ ಹೋಯಿತು, ಕಿಟಕಿಯಾಚೆ ಕಂಬಕ್ಕೆ, ಕಂಬದಿಂದ ಕಂಬಕ್ಕೆ, ತಾನು ಏಣಿ ಹತ್ತಿ ಎಳೆದ ದಾರಿಯಲ್ಲೇ, ಅಂಗಡಿಯ ಹಿಂಗೋಡೆಯ ಆ ಡಬ್ಬಿಯ ತನಕ. ಇಡೀ ಬಡಾವಣೆಗೆ ಚಿತ್ರ ಹಂಚುವ ಡಬ್ಬಿ ಅದು. ಅದಕ್ಕೆ ಕರೆಂಟು ಬೇಕೆಂದಾಗ, ಬೇರೆ ಕಡೆಯಿಂದ ಯಾಕೆ ಎಳೆಯುವುದು ಎಂದು ಅಂಗಡಿಯ ಒಳಗಿನ ಪ್ಲಗ್ಗಿಗೇ ವಯರು ಸಿಕ್ಕಿಸಿದವನು ಅವನೇ.