ಈ ಕಡೆ ತಿರುಗ್ರೀ

ನಂಬದವರು ಬಿಡಲಿ, ನನಗೇನೂ ನಷ್ಟವಿಲ್ಲ. ನಾನು ಬಡಗಿ. ದೆವ್ವ ಗಿವ್ವ ಎಂದವರನ್ನು ಬೈದು ಅಂಗಡಿಯಿಂದ ಆಚೆ ಅಟ್ಟಿದವನು.

ನಿದ್ದೆಯಲ್ಲಿ ನನ್ನ ಗೊರಕೆ ನಿಂತು, ಅದರ ಜೊತೆ ಉಸಿರೂ ನಿಲ್ಲುತ್ತದೆ. ಹುಳಿನೀರು ಗಂಟಲಿಗೆ ನುಗ್ಗುತ್ತದೆ. ಆಗೆಲ್ಲ ಎಡಗಡೆ ಮಲಗುತ್ತಿದ್ದ ಹೆಂಡತಿ ನನ್ನ ಭುಜ ಹಿಡಿದು ಎಳೆಯುತ್ತಿದ್ದಳು. "ಗರಗಸ ನಿಂತೋಯ್ತು, ಈ ಕಡೆ ತಿರುಗ್ರೀ!"

ಅವಳು ಸತ್ತ ಮೇಲೂ ಎಳೆಯುವುದು ನಿಲ್ಲಲಿಲ್ಲ. ಗಂಟಲು ಉರಿದು ಎಚ್ಚರವಾದರೆ ನಾನು ಎಡಕ್ಕೆ ತಿರುಗಿರುತ್ತಿದ್ದೆ. ಹೊದಿಕೆಯೊಳಗೆ ಭುಜವೊಂದೇ ತಣ್ಣಗಿರುತ್ತಿತ್ತು. ಎದ್ದು ಕೂತು ಕಾದರೆ ಏನೂ ಇಲ್ಲ. ಉಸಿರು ನಿಂತರೆ ಮಾತ್ರ ಬರುತ್ತಿದ್ದಳು.

ವೈದ್ಯರು ಹೇಳಿದರೆಂದು ಮಗಳು ಉಸಿರಾಟದ ಮಶಿನ್ ತಂದಳು. ಬೇಡವೆಂದು ಕೂಗಾಡಿದೆ.

"ಕೂಗು, ಎಷ್ಟ್ ಬೇಕೋ ಕೂಗು. ಅಮ್ಮ ಹೋದ್ಲು, ನೀನೂ ಹೋಗ್ಬಿಡ್ತೀಯಾ ಅಪ್ಪಾ?"

ಮಶಿನ್ನಿನ ಮಾಸ್ಕ್ ಮೂಗಿಗೆ ಕಟ್ಟಿಕೊಂಡೆ.

ಆ ರಾತ್ರಿ ಉಸಿರು ನಿಲ್ಲಲಿಲ್ಲ, ಹುಳಿ ಬರಲಿಲ್ಲ, ಯಾರೂ ಎಳೆಯಲಿಲ್ಲ. ಬೆಳಿಗ್ಗೆ ಮಲಗಿದ ಹಾಗೇ ಅಂಗಾತ ಇದ್ದೆ. ಹಾಸಿಗೆ ಸರಿಮಾಡಲು ಬಂದ ಮಗಳು ದಿಂಬು ಹಿಡಿದು ನಿಂತುಬಿಟ್ಟಳು.

"ಅಪ್ಪಾ, ರಾತ್ರಿ ಅಳ್ತಿದ್ಯಾ?"

ನಾನು ಅತ್ತಿರಲಿಲ್ಲ. ನನ್ನ ದಿಂಬು ಒಣಗಿಯೇ ಇತ್ತು. ಅವಳ ಕೈಯಲ್ಲಿದ್ದದ್ದು ಎಡಗಡೆಯ ದಿಂಬು.